ಡ್ರಿಲ್ ಮಾವ

ಜ್ವರ ಬಿಟ್ಟು ವರ್ಷವಾದರೂ ಸುಸ್ತು ಬಿಡದೆ ಮಲಗಿರುವ ನನ್ನ ಕೋಣೆಗೆ ಬಾಗಿಲು ತಟ್ಟದೆ ನುಗ್ಗುವವರು ಒಬ್ಬರೇ, ಅಮ್ಮನ ಅಣ್ಣ, ನಮ್ಮ ಡ್ರಿಲ್ ಮಾವ. ವ್ಯಾಯಾಮದ ಮೇಷ್ಟ್ರಾಗಿ ನಿವೃತ್ತರಾದ ಅವರಿಗೆ ಲೋಕದ ರೋಗಕ್ಕೆಲ್ಲ ಓಟವೇ ಮದ್ದು. ಗೋಡೆಗೆ ಒರಗಿಸಿಟ್ಟ ಏಣಿಗೂ ನೆಟ್ಟಗೆ ನಿಲ್ಲು ಎನ್ನುವವರು. ಬಂದವರೇ ಪರದೆಯನ್ನು ಸರ್ರನೆ ಎಳೆದು, "ಏಳಮ್ಮ, ನೀನು ಹಾಸಿಗೆ ಹಿಡಿದಷ್ಟೂ ಅದು ನಿನ್ನ ಹಿಡ್ಕೊಳ್ಳತ್ತೆ!" ಎನ್ನುತ್ತಾರೆ. ಒಂದು ದಿನ ಶಕ್ತಿ ಮೀರಿ ನಡೆದರೆ ಮರುದಿನ ಬಾಚಣಿಗೆ ಎತ್ತಲೂ ಆಗುವುದಿಲ್ಲ, ಈ ಕಾಯಿಲೆಯ ಸಂಶೋಧಕರೂ ಇದನ್ನೇ ಹೇಳುತ್ತಾರೆ ಎಂದು ನಾನು ಹೇಳಿದರೆ, "ಅವರೇನು ಮೈದಾನಕ್ಕೆ ಇಳಿದಿದ್ದಾರಾ?" ಎಂದು ಗೋಡೆ ನಡುಗುವಂತೆ ನಗುತ್ತಾರೆ. ಈ ಕಾಟಕ್ಕೆ ಸಾಕುಸಾಕಾಗಿ ನಿದ್ದೆ ಬಂದಂತೆ ನಟಿಸಿದರೆ, ಕಿವಿಯ ಬಳಿಯೇ ಒಂದು, ಎರಡು ಎಂದು ಎಣಿಸತೊಡಗುತ್ತಾರೆ. ಹೋದ ವಾರ, ಇಂಥ ಸುಸ್ತಿನ ಕಾರಣ ಹುಡುಕುತ್ತಿರುವ ಸಂಶೋಧನಾ ಕೇಂದ್ರದ ನರ್ಸ್ ನನ್ನ ರಕ್ತ ತೆಗೆಯಲು ಮನೆಗೆ ಬಂದವರು, ಹೋಲಿಸಿ ನೋಡಲು ಕುಟುಂಬದ ಆರೋಗ್ಯವಂತರೊಬ್ಬರ ರಕ್ತವೂ ಬೇಕೆಂದರು. ಮಾವ ಆಗಲೇ ಅಂಗಿಯ ತೋಳು ಮಡಚಿ ಕುಳಿತಿದ್ದರು. "ಎಷ್ಟು ಬೇಕಾದ್ರೂ ತಗೊಳ್ಳಿ ಅಮ್ಮಾ," ಎಂದರು, ನಾನೆಂದೂ ಕೇಳದಷ್ಟು ಮೆಲ್ಲಗೆ. "ನನ್ನಲ್ಲಿದ್ದು ಇವಳಲ್ಲಿ ಇಲ್ಲದೇ ಇರೋದು ಏನು, ಅದನ್ನ ಹುಡುಕಿಕೊಡಿ. ನಾನು ಕೂಗಿದ್ರೆ ಏಳದೇ ಇರೋ ಮಗು ಅಲ್ಲ ಇದು."