ಮುನೇಶ್ವರನಿಗೆ ಒಪ್ಪಿಸದೆ ಉಳಿಸಿಕೊಂಡ ಕೀಲಿ

ಕಳೆದ ವರ್ಷ ಆಷಾಢದಲ್ಲಿ ನನ್ನ ತಲೆಯ ಮೇಲೆ ನನಗಿದ್ದ ನಂಬಿಕೆ ಹೋಯಿತು. ಅದನ್ನು ಕಿತ್ತುಕೊಂಡವನು ಸಹೋದ್ಯೋಗಿ ನಿರಂಜನ. ಯಲಹಂಕದ ಕಾಲೇಜಿನಲ್ಲಿ ನಾವಿಬ್ಬರೂ ಭೌತಶಾಸ್ತ್ರ ಕಲಿಸುತ್ತೇವೆ. ವಿಭಾಗದ ಮುಖ್ಯಸ್ಥರನ್ನು ಆರಿಸುವ ದಿನ ಪ್ರಾಂಶುಪಾಲರ ಮುಂದೆ ಅವನು ನಗುನಗುತ್ತಲೇ ಹೇಳಿದ: “ಇವ್ರು ಒಂದೇ ಪಾಠನ ಎರಡೆರಡು ಸಲ ಮಾಡ್ತಾರೆ ಸಾರ್. ಪಾಪ, ಮರೆವು ಶುರುವಾಗಿದೆ.”

ಕುರ್ಚಿ ಅವನಿಗೆ ಸಿಕ್ಕಿತು. ಅದಕ್ಕಿಂತ ಹೆಚ್ಚು ನನ್ನನ್ನು ಸುಟ್ಟದ್ದು, ಅವನದು ಸುಳ್ಳೆಂದು ನಾನು ಆಣೆಯಿಟ್ಟು ಹೇಳಲಾಗದೆ ಹೋದದ್ದು. ಹಾಗೆ ಮಾಡಿದ್ದೆನೇ? ನೆನಪಿಲ್ಲ. ಅಂದಿನಿಂದ ಬೋರ್ಡಿನ ಮುಂದೆ ನಿಂತರೆ ಗೊತ್ತಿದ್ದ ಸೂತ್ರವೂ ಮಾಯವಾಗುತ್ತಿತ್ತು. ಪಾಠ ಮಾಡುವುದನ್ನೇ ಬಿಡಲು ಯೋಚಿಸಿದೆ.

ಗದಗಿನವಳಾದ ನನ್ನ ಹೆಂಡತಿ ಗಿರಿಜಾ, ಅಮೃತಹಳ್ಳಿಯ ಹತ್ತಿರದ ಮುನೇಶ್ವರನ ಗುಡಿಗೆ ಕರೆದೊಯ್ದಳು. ಅಲ್ಲಿ ಹರಕೆ ಹೊತ್ತವರು ಸರಪಳಿಗೆ ಬೀಗ ಹಾಕಿ, ಕೀಲಿಯನ್ನು ದೇವರ ಪಾದದಲ್ಲಿಟ್ಟು ಬರಬೇಕು. ಹರಕೆ ತೀರಿದಾಗ ಕೀಲಿ ಕೇಳಿ ಪಡೆದು ಬೀಗ ತೆಗೆಯಬೇಕು. ಮೂಢನಂಬಿಕೆ ಎಂದು ಗೊಣಗುತ್ತಲೇ ನಾನು ಬೀಗ ಹಾಕಿದೆ. ನಿರಂಜನನ ಬಾಯಿ ಹೀಗೇ ಮುಚ್ಚಲಿ ಎಂದುಕೊಂಡೆ. ಆದರೆ ಕೀಲಿಯನ್ನು ಅಲ್ಲಿ ಬಿಡಲು ಮನಸ್ಸಾಗಲಿಲ್ಲ. ಕಲ್ಲಿನ ಕೈಗೆ ಏಕೆ ಕೊಡಲಿ? ಯಾರಿಗೂ ಹೇಳದೆ ಸ್ಕೂಟರ್ ಕೀಲಿಯ ಗೊಂಚಲಿಗೆ ಸೇರಿಸಿಕೊಂಡೆ.

ಅಂದಿನಿಂದ ಸ್ಕೂಟರ್ ಹತ್ತಿದಾಗಲೆಲ್ಲ ಆ ಪುಟ್ಟ ಕೀಲಿ ಕಣ್ಣಿಗೆ ಬೀಳುತ್ತಿತ್ತು. ಹೆಬ್ಬಾಳದ ಮೇಲ್ಸೇತುವೆಯ ಟ್ರಾಫಿಕ್ಕಿನಲ್ಲಿ ನಿಂತು, ನಿರಂಜನ ಮಕ್ಕಳ ಮುಂದೆ ತೊದಲುವುದನ್ನು, ನನ್ನ ಕಾಲು ಹಿಡಿಯುವುದನ್ನು ಕಲ್ಪಿಸಿಕೊಂಡು ರುಚಿ ನೋಡುತ್ತಿದ್ದೆ. ನಿದ್ದೆ ಹೋಯಿತು. ಒಂದು ದಿನ ತರಗತಿಯಲ್ಲೇ ಕಣ್ಣು ಕತ್ತಲಿಟ್ಟಿತು. ಆಸ್ಪತ್ರೆಯಲ್ಲಿ ಸ್ಕ್ಯಾನ್ ನೋಡಿದ ಡಾಕ್ಟರು, “ಮೆದುಳಿಗೇನೂ ಆಗಿಲ್ಲ ಸಾರ್. ಬಿಪಿ ನೋಡಿ ಹೆಂಗಿದೆ! ಯಾರ್ ಮೇಲೆ ಇಷ್ಟ್ ಸಿಟ್ಟು?” ಎಂದರು.

ಹಿಂದಿರುಗುವ ಬಸ್ಸಿನಲ್ಲಿ ಮುನೇಶ್ವರನನ್ನೇ ಬೈದೆ. ಕೈಲಾಗದ ದೇವರು ಎಂದೆ. ಬೀಗ ಹಾಕಿದ್ದಕ್ಕೆ ಇದೇ ಸಾಕ್ಷಿ ಎಂದು ಕೀಲಿಗೊಂಚಲು ಹೊರತೆಗೆದು ತೋರಿಸಿದೆ. ಗಿರಿಜಾ ದಿಟ್ಟಿಸಿ ನೋಡಿದಳು.

“ಕೀಲಿ ನಿಮ್ಮ ಕಿಸೆದಾಗ ಇಟ್ಕೊಂಡು ಅವಂಗ ಬೈತೀರೇನ್ರೀ? ಕೊಟ್ಟರ ಅಲ್ಲೇನು, ಅಂವ ಕೆಲಸಾ ಮಾಡೂದು?”

ಅಮೃತಹಳ್ಳಿಯಲ್ಲೇ ಇಳಿದೆವು. ಗುಡಿಯಲ್ಲಿ ಕೀಲಿಯನ್ನು ಪಾದದಲ್ಲಿಟ್ಟು, “ಅವನನ್ನು ನೀನೇ ನೋಡಿಕೋ, ನನ್ನಿಂದಾಗದು” ಎಂದೆ. ಹೇಳಿದ್ದೇ ಮೈಯೆಲ್ಲ ಸಡಿಲವಾಯಿತು. ಜಗುಲಿಯ ಕಂಬಕ್ಕೆ ಒರಗಿದವನಿಗೆ ಅಲ್ಲೇ ನಿದ್ದೆ ಹತ್ತಿತು. ಸಂಜೆಯ ಗಂಟೆ ಬಾರಿಸಿದಾಗ ಗಿರಿಜಾ ಎಬ್ಬಿಸಿದಳು.

ಮರುವಾರ ತರಗತಿಯಲ್ಲಿ ಚೀಟಿ ನೋಡದೆ ಪಾಠ ಮುಗಿಸಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಸಾರ್, ಇದನ್ನ ಇನ್ನೊಂದ್ಸಲ ಮಾಡಿ ಪ್ಲೀಸ್” ಎಂದಳು. ಬೇಕೆಂದೇ ಎರಡನೆಯ ಸಲ ಮಾಡಿದೆ, ಬಾಗಿಲು ತೆರೆದಿಟ್ಟು, ಪಕ್ಕದ ಕೋಣೆಯ ನಿರಂಜನನಿಗೆ ಕೇಳುವಂತೆ.

ಬೀಗ ಹಾಕಿದ ದಿನ ನಾನು, “ನನ್ನ ತಲೆ ನನಗೆ ವಾಪಸ್ ಕೊಡಪ್ಪಾ” ಎಂದೂ ಬೇಡಿದ್ದೆ ಎನ್ನುತ್ತಾಳೆ ಗಿರಿಜಾ. ನನಗದು ನೆನಪಿಲ್ಲ. ಈ ವಿಷಯದಲ್ಲಿ ನನ್ನ ನೆನಪಿಗಿಂತ ಅವಳದನ್ನೇ ನಂಬುತ್ತೇನೆ.

“ಹರಕಿ ತೀರೇದಲ್ರೀ, ಬೀಗಾ ತಗದು ಬರೂಣು” ಎಂದಳು ಮೊನ್ನೆ.

“ಇರಲಿ ಬಿಡು. ಇನ್ನೂ ಅರ್ಧ ಬಾಕಿ ಇದೆ” ಎಂದೆ.

ಭಕ್ತರೇ, ನಿರಂಜನ ಇನ್ನೂ ಆ ಕುರ್ಚಿಯಲ್ಲೇ ಇದ್ದಾನೆ. ಅವನನ್ನು ನಾನು ಕ್ಷಮಿಸಿಲ್ಲ. ಆದರೆ ಅವನ ಕಾವಲು ಈಗ ಮುನೇಶ್ವರನದು. ನಾನು ಹೊತ್ತಿಗೆ ಸರಿಯಾಗಿ ಉಂಡು ಮಲಗುತ್ತೇನೆ. ನನ್ನ ಪಾಲಿನ ಸಿಟ್ಟನ್ನು ಹೊತ್ತುಕೊಂಡ ಆ ಸ್ವಾಮಿಗೆ ಅಡ್ಡಬಿದ್ದೆ.