ದುಗ್ಗಪ್ಪ ಬರೆದ ಹನಿನೀರು

ಉಪ್ಪುಂದದ ದುಗ್ಗಪ್ಪನ ಕುಂಚ ತಾಗದ ಬೋಟು ಗಂಗೊಳ್ಳಿ ಬಂದರಿನಲ್ಲಿ ಹುಡುಕಿದರೆ ನಾಲ್ಕೈದು ಸಿಕ್ಕೀತು, ಅಷ್ಟೇ. ಹರೆಯದಲ್ಲಿ ಆರು ವರ್ಷ ಮುಂಬೈಯ ಬೋರ್ಡ್ ಬರೆಯುವ ಅಂಗಡಿಯೊಂದರಲ್ಲಿ ದುಡಿದು, ಅಕ್ಷರಗಳ ಮೈಕಟ್ಟು ಕಲಿತು ಊರಿಗೆ ಮರಳಿದವನು ಅವನು. ಬೋಟಿನ ಮೂತಿಗೆ ಹೆಸರು, ಹೆಸರಿನ ಎರಡೂ ಬದಿಗೆ ಒಂದೊಂದು ತಾವರೆ. ದಾರ ಹಿಡಿಯದೆ, ಅಳತೆಪಟ್ಟಿ ಇಡದೆ ಬರೆದರೂ ಎಡದ ಎಸಳು ಬಲದ ಎಸಳಿಗೆ ಕನ್ನಡಿಯಲ್ಲಿ ಕಂಡಂತೆ ಹೊಂದುತ್ತಿತ್ತು. ಹೆಂಡತಿ ಪುಷ್ಪ ಮೀನಿನ ಬುಟ್ಟಿ ಹೊತ್ತು ಮನೆಮನೆಗೆ ಹೋಗುವವಳು. ಮಾತು ಚುರುಕು, ನಡಿಗೆ ಅದಕ್ಕಿಂತ ಚುರುಕು. ದುಗ್ಗಪ್ಪನದು ಅದಕ್ಕೆ ತದ್ವಿರುದ್ಧ. ಯಾರು ಕರೆದರೂ ಎರಡನೇ ಸಲಕ್ಕೆ ತಿರುಗುವ ಆಸಾಮಿ.

೧೯೯೭ರ ಮಳೆಗಾಲ ಮುಗಿಯುತ್ತ ಬಂದಿದ್ದ ಹೊತ್ತು. ಗಂಗೊಳ್ಳಿಯ ಹೊಳೆಬದಿಯ ಹಂಚಿನ ಮನೆಯೊಂದಕ್ಕೆ ಬೋರ್ಡ್ ಬರೆಯಬೇಕೆಂದು ಅವನಿಗೆ ಕರೆ ಬಂತು. ಆ ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದವರು ಡಾ. ಶ್ರೀಲತಾ. ಮೈಸೂರು ಕಡೆಯವರು, ಮೂವತ್ತರ ಆಸುಪಾಸು. ಐದು ಹೊಳೆಗಳು ಸೇರಿ ಕಡಲಿಗೆ ಬೀಳುವ ಆ ಅಳಿವೆಯ ನೀರಿನಲ್ಲಿ ಕಣ್ಣಿಗೆ ಕಾಣದ ಯಾವ್ಯಾವ ಜೀವಗಳಿವೆ ಎಂದು ಪತ್ತೆ ಮಾಡಲು ಬಂದವರು. ವಾರಕ್ಕೆರಡು ದಿನ ದೋಣಿಯಲ್ಲಿ ಹೋಗಿ, ರೇಷ್ಮೆಯಂಥ ಬಿಳಿ ಬಟ್ಟೆಯ ಬಲೆಯೊಂದನ್ನು ನೀರಿನಲ್ಲಿ ಎಳೆದು ತರುತ್ತಿದ್ದರು. ಬಂದರಿನಲ್ಲಿ ಅದೇ ನಗೆಯ ಮಾತು: ಕಣ್ಣೇ ಇಲ್ಲದ ಬಲೆ ಹಾಕಿ ಬರೀ ನೀರು ಹಿಡಿಯುವ ಮೇಡಂ.

ದುಗ್ಗಪ್ಪ ಬೋರ್ಡ್ ಬರೆದು ಮುಗಿಸಿ, ಬಣ್ಣ ಒಣಗಲೆಂದು ಜಗಲಿಯಲ್ಲಿ ಕುಳಿತಿದ್ದ. ಕಿಟಕಿಯ ಬಳಿ ಮೇಜಿನ ಮೇಲಿದ್ದ ಸೂಕ್ಷ್ಮದರ್ಶಕದ ಮೇಲೆ ಅವನ ಕಣ್ಣು ಹೋಗಿ ಹೋಗಿ ಬರುತ್ತಿದ್ದುದನ್ನು ಶ್ರೀಲತಾ ಗಮನಿಸಿದರು.

"ನೋಡ್ತೀರಾ ದುಗ್ಗಪ್ಪನವರೇ?"

ಮೊದಲು ಕಂಡದ್ದು ಅವನದೇ ಕಣ್ಣಿನ ರೆಪ್ಪೆ. ಶ್ರೀಲತಾ ಪಕ್ಕದ ತಿರುಪನ್ನು ಮೆಲ್ಲಗೆ ತಿರುಗಿಸಿದರು. ಬೆಳಕಿನ ಬಯಲೊಂದು ತೆರೆದುಕೊಂಡಿತು. ಆ ಬಯಲಿನಲ್ಲಿ ಗಾಜಿನ ಚಕ್ರಗಳು ತೇಲುತ್ತಿದ್ದವು, ಗಾಜಿನ ಸರಪಳಿಗಳು ಮೈಮುರಿಯುತ್ತಿದ್ದವು. ಹೊನ್ನಿನ ಬಣ್ಣದ ಚುಕ್ಕೆಗಳನ್ನು ಹೊಟ್ಟೆಯಲ್ಲಿಟ್ಟುಕೊಂಡ ಪೆಟ್ಟಿಗೆಗಳು ಸುಮ್ಮನೆ ನಿಂತಿದ್ದವು. ಅವುಗಳ ನಡುವೆ ಎರಡೂ ತುದಿ ಚೂಪಾಗಿದ್ದ ಒಂದು, ಅವಸರವೇ ಇಲ್ಲದೆ, ಅತ್ತಿಂದಿತ್ತ ಸಾಗುತ್ತಿತ್ತು.

"ಮೇಡಂ, ಒಂದ್ ದೋಣಿ ಹೋತಾ ಇತ್ತ್," ಎಂದ ದುಗ್ಗಪ್ಪ, ಕಣ್ಣು ಕೀಳದೆ. "ಹುಟ್ಟ್ ಹಾಕುವವ್ರ್ ಯಾರೂ ಕಾಂತಿಲ್ಲೆ."

ಶ್ರೀಲತಾ ನಕ್ಕರು. "ಅದರ ಹೆಸರೂ ಅದೇ. ಲ್ಯಾಟಿನ್‌ನಲ್ಲಿ ನಾವಿಕ್ಯುಲಾ, ಅಂದರೆ ಪುಟ್ಟ ದೋಣಿ. ಗಾಜಿನ ಗೂಡು ಕಟ್ಟಿಕೊಂಡು ಒಳಗೆ ಕೂತಿರುತ್ತೆ. ತಾನಾಗಿಯೇ ಜಾರಿಕೊಂಡು ಹೋಗುತ್ತೆ."

"ಗಾಜ್ ಎಲ್ಲಿಂದ ತತ್ತ್ ಅದ್?"

"ನೀರಿನಿಂದಲೇ. ನೀರಿನಲ್ಲಿ ಕರಗಿರೋ ಮರಳಿನ ಅಂಶದಿಂದ."

ಆ ಸಂಜೆ ಉಪ್ಪುಂದದ ಬಸ್ಸಿನಲ್ಲಿ ಕುಳಿತ ದುಗ್ಗಪ್ಪ ತಾನು ಇಳಿಯಬೇಕಾದ ಜಾಗ ದಾಟಿ ಬೈಂದೂರಿನ ತನಕ ಹೋದ. ಕಿಟಕಿಯ ಗಾಜಿನ ಮೇಲೆ ಮಳೆಹನಿಗಳು ಇಳಿಯುತ್ತಿದ್ದವು. ಒಂದೊಂದು ಹನಿಯೊಳಗೂ ಯಾರೋ ಎಲ್ಲಿಗೋ ಹೊರಟಿದ್ದಾರೆ ಅನ್ನಿಸುತ್ತಿತ್ತು.

ವಾರ ಬಿಟ್ಟು ಶ್ರೀಲತಾ ಅವನನ್ನು ಮತ್ತೆ ಕರೆಸಿದರು. ಫೋಟೋ ತೆಗೆದರೆ ಮೇಲಿನ ಗೆರೆ ಸ್ಪಷ್ಟವಾದಾಗ ಕೆಳಗಿನದು ಮಸುಕಾಗುತ್ತದೆ, ಕೈಯಲ್ಲಿ ಬರೆದರೆ ಎರಡನ್ನೂ ತೋರಿಸಬಹುದು, ನೀವು ಬರೆದುಕೊಡುತ್ತೀರಾ ಎಂದು ಕೇಳಿದರು. ದುಗ್ಗಪ್ಪ ಹಿಗ್ಗಿದ. ಎರಡು ದಿನ ಕೂತು ಒಂದು ಚಕ್ರವನ್ನು ಬರೆದ. ಅಂಚಿಗೆ ಸಣ್ಣ ಸಣ್ಣ ಎಸಳು ಕೂರಿಸಿ, ನಡುವೆ ಒಂದು ನಕ್ಷತ್ರ ಇಟ್ಟು, ತನಗೆ ತಿಳಿದ ಚೆಂದವನ್ನೆಲ್ಲ ಅದರಲ್ಲಿ ತುಂಬಿದ.

ಶ್ರೀಲತಾ ಬಹಳ ಹೊತ್ತು ನೋಡಿದರು. "ತುಂಬ ಚೆನ್ನಾಗಿದೆ. ಆದರೆ ಇದು ನೀರಿನಲ್ಲಿ ಇಲ್ಲ. ಅಂಚಿನಲ್ಲಿ ಎಷ್ಟು ಗೆರೆ ಇವೆ ಅಂತ ಎಣಿಸಿದ್ರಾ?"

"ಎಣ್ಸುದಾ? ನಾನ್ ಚಿತ್ರ ಬರೆಯೂಕ್ ಬಂದದ್ದ್ ಮೇಡಂ," ಎಂದವನೇ ದುಗ್ಗಪ್ಪ ಎದ್ದುಹೋದ. ಹತ್ತು ದಿನ ಆ ಕಡೆ ತಲೆ ಹಾಕಲಿಲ್ಲ.

ಹನ್ನೊಂದನೆಯ ದಿನ ಅವನು ಬೋಟೊಂದರ ಮೂತಿಗೆ ತಾವರೆ ಬರೆಯುತ್ತಿದ್ದ. ಎಂದಿನಂತೆ ಐದು ಎಸಳು ಈ ಕಡೆ, ಐದು ಆ ಕಡೆ. ಏಳನೆಯ ಎಸಳಿಗೆ ಬಂದಾಗ ಕೈ ನಿಂತಿತು. ಇದು ಯಾವ ಕೆರೆಯ ತಾವರೆ? ಮುಂಬೈಯ ಮೇಸ್ತ್ರಿ ಹೇಳಿಕೊಟ್ಟದ್ದನ್ನು ಇಪ್ಪತ್ತು ವರ್ಷದಿಂದ ಬರೆಯುತ್ತಲೇ ಇದ್ದಾನೆ, ನಿಜವಾದ ಹೂವಿನ ಮುಂದೆ ಒಮ್ಮೆಯಾದರೂ ಕೂತು ನೋಡಿದ್ದುಂಟೇ? ಕುಂಚವನ್ನು ಡಬ್ಬಿಗೆ ಹಾಕಿ, ಊರಿನ ಮದಗಕ್ಕೆ ಹೋಗಿ, ಮೊಣಕಾಲ ಮಟ್ಟದ ನೀರಿನಲ್ಲಿ ನಿಂತು ಒಂದು ತಾವರೆಯ ಎಸಳು ಎಣಿಸಿದ. ಹದಿನೆಂಟು ಇದ್ದವು. ಪಕ್ಕದ ಹೂವಿಗೆ ಇಪ್ಪತ್ತೊಂದು. ಎಡಕ್ಕೂ ಬಲಕ್ಕೂ ಹೊಂದಿಕೆಯೇ ಇರಲಿಲ್ಲ. ಆದರೂ ಹೂವು ಹೂವಾಗಿಯೇ ಇತ್ತು. ಅವನು ಬಹಳ ಹೊತ್ತು ಆ ನೀರಿನಲ್ಲೇ ನಿಂತಿದ್ದ. ಸಣ್ಣ ಮೀನುಗಳು ಬಂದು ಕಾಲ ಬೆರಳು ಕಚ್ಚಿ ಹೋಗುತ್ತಿದ್ದವು.

ಮರುದಿನ ಬೆಳಿಗ್ಗೆ ಶ್ರೀಲತಾ ಬಾಗಿಲು ತೆರೆದಾಗ ದುಗ್ಗಪ್ಪ ಜಗಲಿಯಲ್ಲಿ ಕುಳಿತಿದ್ದ. "ಎಣ್ಸ್ತೆ ಮೇಡಂ," ಎಂದ.

ಮುಂದಿನ ಮೂರು ವರ್ಷ ಅವನ ಬದುಕು ಎರಡು ಭಾಗವಾಯಿತು. ಅರ್ಧ ದಿನ ಬೋಟು, ಅರ್ಧ ದಿನ ಹನಿ. ಸೂಜಿಯಂಥ ಪೆನ್ನಿನ ತುದಿಯಲ್ಲಿ ಚುಕ್ಕೆ ಚುಕ್ಕೆಯಾಗಿ ಇಟ್ಟು ನೆರಳು ತರುವುದನ್ನು ಕಲಿತ. ಕೈ ನಡುಗಬಾರದೆಂದು ಒಂದು ಉಸಿರಿಗೆ ಹತ್ತು ಚುಕ್ಕೆ. ಲ್ಯಾಟಿನ್ ಹೆಸರುಗಳನ್ನು ಕನ್ನಡ ಅಕ್ಷರದಲ್ಲಿ ಬರೆದಿಟ್ಟುಕೊಂಡು, ಬಸ್ಸಿನಲ್ಲಿ ಜಪದಂತೆ ಹೇಳಿಕೊಳ್ಳುತ್ತಿದ್ದ. ಕಣ್ಣು ಮುಚ್ಚಿದರೆ ಸಾಕು, ರೆಪ್ಪೆಯ ಹಿಂದೆ ಆ ಗಾಜಿನ ಊರು ತೇಲಿ ಬರುತ್ತಿತ್ತು.

ಗಂಡ ಹೊಳೆಬದಿಯ ಮನೆಯಲ್ಲಿ ಏನು ಮಾಡುತ್ತಾನೆಂದು ನೋಡಿಯೇ ಬಿಡುವ ಎಂದು ಪುಷ್ಪ ಒಂದು ದಿನ ಖಾಲಿ ಬುಟ್ಟಿಯೊಂದಿಗೆ ಅಲ್ಲಿಗೆ ಬಂದಳು. ಶ್ರೀಲತಾ ಅವಳನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಮಾತಿನ ಮಲ್ಲಿ ಪುಷ್ಪ ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ದುಗ್ಗಪ್ಪ ಅದುವರೆಗೆ ಕಂಡಿರಲಿಲ್ಲ.

"ಹ್ವಾಯ್," ಎಂದಳು ಕೊನೆಗೆ, ದನಿ ತಗ್ಗಿಸಿ. "ಇಷ್ಟೆಲ್ಲ ಜನ ಇದ್ರಾ ನಮ್ ಹೊಳಿ ಒಳ್ಗೆ?"

"ಬೂತಾಯಿ ಮೀನು ಬದುಕೋದೇ ಇವುಗಳನ್ನ ತಿಂದು," ಎಂದರು ಶ್ರೀಲತಾ.

"ಹಂಗಾರೆ ನಾನ್ ಬುಟ್ಟಿಯಲ್ಲ್ ಹೊತ್ಕಂಡ್ ಹೋಪುದ್ ಇವ್ರನ್ನೇ!"

೨೦೦೦ರಲ್ಲಿ ಶ್ರೀಲತಾರ ಕೆಲಸ ಮುಗಿಯಿತು. ಹೊರಡುವ ಮುಂಚೆ, ಕನ್ನಡಿಯಿಂದ ಬಿಸಿಲು ಹಿಡಿದು ಬೆಳಕು ಕೊಡುವ ಹಳೆಯ ಸೂಕ್ಷ್ಮದರ್ಶಕವೊಂದನ್ನು ಅವರು ದುಗ್ಗಪ್ಪನಿಗೆ ಕೊಟ್ಟರು. ಅವನು ಅದನ್ನು ಉಪ್ಪುಂದದ ಮನೆಯಂಗಳದಲ್ಲಿ ಮಣೆಯ ಮೇಲಿಟ್ಟು, ಬೆಳಗಿನ ಬಿಸಿಲಿಗೆ ಕನ್ನಡಿ ತಿರುಗಿಸುತ್ತ ಕೂರುತ್ತಿದ್ದ. ಬಾವಿಯ ನೀರು, ಗದ್ದೆಯ ನೀರು, ತೆಂಗಿನ ಬುಡದಲ್ಲಿ ನಿಂತ ನೀರು, ಯಾವುದನ್ನೂ ಬಿಡಲಿಲ್ಲ.

ಹಾಗೆಂದು ಎಲ್ಲರಿಗೂ ಅದು ಹಿಡಿಸಿತೆಂದಲ್ಲ. ಬೋಟಿನ ಧಣಿ ಚಂದಯ್ಯನ ಹೊಸ ಬೋಟಿಗೆ ದುಗ್ಗಪ್ಪ ತಾವರೆಯ ಬದಲು ಆ ಗಾಜಿನ ಚಕ್ರಗಳ ಸಾಲನ್ನೇ ಬರೆದಾಗ ದೊಡ್ಡ ರಂಪವಾಯಿತು. "ಇದೆಂತ ಮರಾಯ? ನನ್ ಬೋಟಿಗ್ ಹುಳ ಬರ್ದ್ ಬಿಟ್ಯಲಾ!" ದುಗ್ಗಪ್ಪ ಅವುಗಳ ಮೇಲೆ ನೀಲಿ ಬಣ್ಣ ಬಳಿದ. ಮೂರು ವರ್ಷ ಅವು ನೀಲಿಯ ಅಡಿಯಲ್ಲೇ ಕಡಲು ಸುತ್ತಿದವು. ಅದನ್ನು ನೆನಪಿಟ್ಟವನು ಅವನೊಬ್ಬನೇ.

೨೦೦೪ರ ಅಕ್ಟೋಬರಿನ ಒಂದು ಬೆಳಿಗ್ಗೆ ಉಪ್ಪುಂದದ ಕಡಲು ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಅಲೆ ಮಗುಚಿದಾಗಲೂ ನೊರೆಯಲ್ಲಿ ಕೆಂಪು. ಸತ್ತ ಮೀನುಗಳು ದಡಕ್ಕೆ ಬಂದು ಬಿದ್ದವು. ಜನ ಗುಂಪು ಗುಂಪಾಗಿ ನಿಂತು ಬಾಯಿಗೆ ಬಂದದ್ದು ಹೇಳತೊಡಗಿದರು. ದುಗ್ಗಪ್ಪ ಒಂದು ಬಾಟಲಿಯಲ್ಲಿ ನೀರು ತಂದು ಕನ್ನಡಿಯನ್ನು ಬಿಸಿಲಿಗೆ ತಿರುಗಿಸಿದ.

ಸಾವಿರ ಬಗೆ ಇರುತ್ತಿದ್ದ ಹನಿಯಲ್ಲಿ ಇಂದು ಒಂದೇ ಬಗೆ. ಒಂದರ ಮೈಗೆ ಒಂದು ತಾಗಿಕೊಂಡು, ಬುಗುರಿಯಂತೆ ಗಿರಗಿರನೆ ತಿರುಗುವ, ಸೊಂಟಕ್ಕೊಂದು ಉದ್ದಕ್ಕೊಂದು ಗೀರು ಇದ್ದ ಕೆಂಪು ಗುಂಡುಗಳು. ಎಲ್ಲಿಯೂ ಕಂಡದ್ದಲ್ಲ. ಎರಡು ಗಂಟೆ ಕೂತು, ಗೀರು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ, ಬಾಲದ ಎಳೆ ಯಾವ ಕಡೆಯಿಂದ ಹೊರಡುತ್ತದೆ ಎಂದು ತಪ್ಪದೆ ಬರೆದ. ಬೈಂದೂರಿಗೆ ಹೋಗಿ ಶ್ರೀಲತಾರಿಗೆ ಫ್ಯಾಕ್ಸ್ ಮಾಡಿಸಿ, ಆ ಅಂಗಡಿಯ ಬೆಂಚಿನಲ್ಲೇ ಕಾದು ಕುಳಿತ. ಗಂಟೆಯೊಳಗೆ ಅಲ್ಲಿಗೇ ಅವರ ಫೋನು ಬಂತು.

"ದುಗ್ಗಪ್ಪನವರೇ, ಗೀರು ನೀವು ಬರೆದ ಹಾಗೆಯೇ ಇದೆಯಾ? ಚೆಂದಕ್ಕೆ ಏನೂ ಸೇರಿಸಿಲ್ಲ ತಾನೇ?"

"ಇಲ್ಲೆ ಮೇಡಂ. ಇದ್ದದ್ದೇ ಬರ್ದದ್ದ್."

"ಹಾಗಾದರೆ ಕೇಳಿ. ಇದು ವಿಷದ ಜಾತಿ ಇರೋ ಹಾಗಿದೆ. ಕಪ್ಪೆಚಿಪ್ಪುಗಳು ಇದನ್ನೇ ತಿಂದು ಮೈಯಲ್ಲಿ ತುಂಬಿಕೊಂಡಿರುತ್ತವೆ. ನೀರು ತಿಳಿಯಾಗಿ, ಪರೀಕ್ಷೆ ಆಗುವವರೆಗೂ ಚಿಪ್ಪು ಯಾರೂ ತಿನ್ನಬಾರದು. ಸತ್ತು ಬಿದ್ದ ಮೀನೂ ಬೇಡ. ನಾನು ಮೇಲಿನವರಿಗೆ ತಿಳಿಸ್ತೀನಿ, ಆದರೆ ಅವರು ಬರೋಕೆ ದಿನ ಹಿಡಿಯುತ್ತೆ. ಮೊದಲು ನೀವು ಹೇಳಿ."

ಹೇಳುವುದು! ಜನರ ಮುಂದೆ ನಿಂತು ಮಾತಾಡಿದ್ದೇ ಇಲ್ಲದ ದುಗ್ಗಪ್ಪ ದಡದಲ್ಲಿ ತೊದಲಿದ. ಬೋರ್ಡ್ ಬರೆಯುವವನಿಗೆ ಕಡಲಿನ ವಿಷಯ ಎಂತ ಗೊತ್ತು ಎಂದು ಯಾರೋ ನಕ್ಕರು. ಅವನು ಮನೆಗೆ ಹೋಗಿ ಕೆಂಪು ಬಣ್ಣದ ಡಬ್ಬಿ ತಂದ. ಮೀನು ಹರಾಜಿನ ಕಟ್ಟಡದ ಬಿಳಿ ಗೋಡೆಯ ಮೇಲೆ, ಆಳೆತ್ತರಕ್ಕೆ, ಆ ಜೀವಿಯನ್ನು ಬರೆದ. ಕೆಳಗೆ ದೊಡ್ಡಕ್ಷರದಲ್ಲಿ: "ಕಡಲಿನ ಕೆಂಪು ಇದರದ್ದು. ಇದು ಇರುವ ತನಕ ಚಿಪ್ಪು ತಿನ್ನಬೇಡಿ."

ಬಣ್ಣ ಒಣಗುವ ಮೊದಲೇ ಜನ ಸೇರಿದರು. ಚಂದಯ್ಯ ಮುಂದೆ ಬಂದು ಸೊಂಟಕ್ಕೆ ಕೈಕೊಟ್ಟು ನಿಂತ. "ಇದ್ ನಮ್ ನೀರೊಳ್ಗೆ ಇತ್ತ್ ಅಂಬುದ್ ನಿಜವಾ?"

"ಬನ್ನಿ, ಕಾಣಿ," ಎಂದ ದುಗ್ಗಪ್ಪ.

ಬಿಸಿಲು ಇಳಿಯುವ ತನಕ ಅವನ ಅಂಗಳದಲ್ಲಿ ಸಾಲು ನಿಂತಿತ್ತು. ಒಬ್ಬೊಬ್ಬರೇ ಬಗ್ಗಿ ನೋಡಿ, ಎದ್ದು ಹೋದರು. ಚಂದಯ್ಯ ಮನೆಗೆ ಹೋಗಿ, ಸಾರಿಗೆಂದು ತೊಳೆದಿಟ್ಟಿದ್ದ ಚಿಪ್ಪನ್ನು ತಾನೇ ಹೊಂಡ ತೆಗೆದು ಹೂತ. ಪುಷ್ಪಳಂತೂ ಮಾರನೆಯ ದಿನ ಬುಟ್ಟಿಯಿಲ್ಲದೆ, ಬರಿಗೈಯಲ್ಲಿ, ಗಿರಾಕಿಗಳ ಮನೆಮನೆಗೂ ಹೋಗಿ ಕೂಗಿ ಹೇಳಿ ಬಂದಳು. ಹದಿನೈದು ದಿನಕ್ಕೆ ನೀರು ತಿಳಿಯಾಯಿತು. ಊರಿನಲ್ಲಿ ಯಾರೂ ಕಾಯಿಲೆ ಬೀಳಲಿಲ್ಲ. ಅದು ಗೋಡೆಯ ಚಿತ್ರದಿಂದಲೋ ಕಡಲಿನ ದಯೆಯಿಂದಲೋ ಎಂದು ಕೇಳಿದವರಿಗೆ ದುಗ್ಗಪ್ಪ, "ನಂಗೊತ್ತಿಲ್ಲೆ," ಎನ್ನುತ್ತಿದ್ದ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಆಮೇಲೆ ಕಾಲ ಬದಲಾಯಿತು. ಸೂಕ್ಷ್ಮದರ್ಶಕಕ್ಕೇ ಕ್ಯಾಮೆರಾ ಬಂತು. ಕೈಯಲ್ಲಿ ಬರೆಸುವವರು ಕಡಿಮೆಯಾದರು. ಬೋಟಿನ ಹೆಸರೂ ಸ್ಟಿಕ್ಕರಿಗೆ ಹೋಯಿತು. ಆದರೆ ೨೦೧೨ರಲ್ಲಿ, ಶ್ರೀಲತಾ ಹೇಳಿದರೆಂದು, ಬ್ರಹ್ಮಾವರದ ಕಾಲೇಜೊಂದು ತನ್ನ ಪ್ರಯೋಗಾಲಯದ ಎದುರಿನ ಉದ್ದನೆಯ ಗೋಡೆಯನ್ನು ದುಗ್ಗಪ್ಪನಿಗೆ ಬಿಟ್ಟುಕೊಟ್ಟಿತು. ಒಂದೇ ಒಂದು ಹನಿ ಬರೆಯುತ್ತೇನೆ ಎಂದ ಅವನು. ಆ ಹನಿಗೆ ಎರಡು ತಿಂಗಳು ಹಿಡಿಯಿತು. ಒಂದೊಂದರ ಗೆರೆಯನ್ನೂ ಎಣಿಸಿಯೇ ಇಟ್ಟ. ನಡುನಡುವೆ ಇಷ್ಟೇಕೆ ಖಾಲಿ ಎಂದು ಮೋಕ್ಷಿತಾ ಎಂಬ ವಿದ್ಯಾರ್ಥಿನಿ ಕೇಳಿದಾಗ, "ಅವ್ಕ್ ತಿರ್ಗಾಡುಕ್ ಜಾಗ ಬೇಡ್ದಾ ಮಗಾ?" ಎಂದ.

ಮುಗಿದ ದಿನ ಪುಷ್ಪ ಊಟದ ಡಬ್ಬಿ ಹಿಡಿದು ಮೂರು ಬಸ್ಸು ಬದಲಿಸಿ ಬಂದಳು. ಗೋಡೆಯ ಈ ತುದಿಯಿಂದ ಆ ತುದಿಗೆ, ತನ್ನ ಸ್ವಭಾವಕ್ಕೆ ವಿರುದ್ಧವಾಗಿ, ಮೆಲ್ಲಗೆ ನಡೆದಳು.

"ಹ್ವಾಯ್, ಇದ್ರಗೆ ನಿಮ್ದ್ ಎಂತದೂ ಇಲ್ಯಾ? ಎಲ್ಲ ಇದ್ದದ್ದೇಯಾ?"

ದುಗ್ಗಪ್ಪ ಯೋಚಿಸಿದ. "ಹಿಂದಿನ ನೀಲಿ ನಂದ್. ಹನಿಗ್ ಬಣ್ಣ ಇಲ್ಲೆ."

ಇಬ್ಬರೂ ಎದುರಿನ ಗೋಡೆಗೆ ಒರಗಿ ನೆಲದಲ್ಲಿ ಕೂತು ಡಬ್ಬಿ ಬಿಚ್ಚಿದರು. ಗಂಟೆ ಬಾರಿಸಿತು, ಹುಡುಗ ಹುಡುಗಿಯರು ಹನಿಯ ಮುಂದೆ ಹಾದುಹೋದರು, ಕೆಲವರು ನಿಂತರು. ಕಿಟಕಿಯ ಸರಳುಗಳಿಂದ ಬಂದ ಇಳಿಬಿಸಿಲು ಗೋಡೆಯ ಮೇಲೆ ಸರಿಯುತ್ತ, ಒಂದೊಂದಾಗಿ ಗಾಜಿನ ಗೂಡುಗಳನ್ನು ಬೆಳಗುತ್ತ ಬಂತು. ಉಂಡು ಕೈತೊಳೆದ ಪುಷ್ಪ ಅಲ್ಲೇ ಕೂತು ನೋಡುತ್ತ ನೋಡುತ್ತ ನಿದ್ದೆಹೋದಳು. ಎಬ್ಬಿಸಿದರೆ ಐದರ ಬಸ್ಸು ಸಿಗುತ್ತಿತ್ತು. ದುಗ್ಗಪ್ಪ ಎಬ್ಬಿಸಲಿಲ್ಲ.