ಮಟ್ಟು ಯಾವುದೆಂದು ಬರೆದ ತಪ್ಪಿಗೆ

ನನ್ನನ್ನು ಕಳ್ಳಿ ಎಂದು ಕರೆದವನು ಕುಣಿಗಲ್ಲಿನ ಒಬ್ಬ ಗಿಟಾರ್ ವಾದಕ. ಹಾಗೆ ಕರೆಯುವಾಗ ಅವನು ತೊಟ್ಟಿದ್ದ ಕರಿ ಟೀ ಶರ್ಟಿನ ಮೇಲೆ ಯಾವುದೋ ವಿದೇಶಿ ಬ್ಯಾಂಡಿನ ತಲೆಬುರುಡೆ ಹಲ್ಲು ಕಿರಿಯುತ್ತಿತ್ತು. ಅಂಥ ಟೀ ಶರ್ಟುಗಳನ್ನು ನಮ್ಮ ಬಟವಾಡಿಯ ಫುಟ್‌ಪಾತಿನಲ್ಲಿ ರಾಶಿ ಹಾಕಿ ಮಾರುತ್ತಾರೆ. ಆ ತಲೆಬುರುಡೆಯನ್ನು ಅಚ್ಚು ಹಾಕಲು ಆ ಬ್ಯಾಂಡಿನವರನ್ನು ಯಾರು ಕೇಳಿದ್ದರೋ! ಅದಕ್ಕೇ ನನಗೆ ಮೊದಲು ಬಂದದ್ದು ನಗು. ಸಿಟ್ಟು ಆಮೇಲೆ ಬಂತು, ಬಂದದ್ದು ಇವತ್ತಿಗೂ ಪೂರ್ತಿ ಹೋಗಿಲ್ಲ.

ನಾನು ಬಟವಾಡಿಯ ಒಂದು ಕ್ಲಿನಿಕ್ಕಿನ ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಭಾನುವಾರ ಮಾತ್ರ ರಾಕ್ ಹಾಡುಗಾರ್ತಿ. ನಮ್ಮದು ಇಬ್ಬರ ಬ್ಯಾಂಡು. ಹಾಡು, ಗಿಟಾರು ನನ್ನದು. ಡ್ರಮ್ಸ್ ಬಾರಿಸುವವನು ಗುಬ್ಬಿ ಕಡೆಯವನು, ವಸಂತನರಸಾಪುರದ ಫ್ಯಾಕ್ಟರಿಯೊಂದರಲ್ಲಿ ಶಿಫ್ಟ್ ಕೆಲಸ, ನನಗಿಂತ ಚಿಕ್ಕವನಾದ್ದರಿಂದ ಅಕ್ಕ ಅನ್ನುತ್ತಾನೆ. ಅಂತರಸನಹಳ್ಳಿಯಲ್ಲಿ ಅವನ ಸ್ನೇಹಿತನ ಲೇತ್ ವರ್ಕ್‌ಶಾಪ್ ಇದೆ. ರಜೆಯ ದಿನ ಅಲ್ಲಿ ಮಷೀನುಗಳು ಸುಮ್ಮನಿದ್ದಾಗ ನಮ್ಮ ಪ್ರಾಕ್ಟೀಸು. ಅಕ್ಕಪಕ್ಕದವರಿಗೆ ಎರಡು ಸದ್ದಿಗೂ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲವಂತೆ. ತಿಳಿಯದಿದ್ದರೆ ಕತ್ತೆ ಬಾಲ.

ನಾನು ಕಟ್ಟಿದ ಹಾಡು ರಿಪೋರ್ಟಿಗೆ ಕಾಯುವವರ ಬಗ್ಗೆ. ನಮ್ಮ ಲ್ಯಾಬಿನ ಮುಂದಿನ ಸ್ಟೀಲ್ ಬೆಂಚಿನ ಮೇಲೆ ಕೂತಿರುತ್ತಾರಲ್ಲ, ತೋಳಿಗೆ ಹತ್ತಿ ಒತ್ತಿಕೊಂಡು, ಬಾಗಿಲು ತೆರೆದಾಗಲೆಲ್ಲ ತಲೆ ಎತ್ತುತ್ತಾ, ಅವರು. ಅವರ ಮುಖ ನೋಡಿ ನೋಡಿ ನನ್ನ ಎದೆಯಲ್ಲಿ ಕೂತದ್ದು ಒಂದು ದಿನ ಟ್ಯೂಬುಗಳಿಗೆ ಲೇಬಲ್ ಅಂಟಿಸುತ್ತಿದ್ದಾಗ ಹಾಡಾಗಿ ಬಂತು. ಧಾಟಿಯೂ ಜೊತೆಗೇ ಬಂತು. ಎಲ್ಲಿಂದ ಬಂತು ಎಂದು ನಾನು ಕೇಳಲಿಲ್ಲ. ಅನ್ನ ಬೆಂದಾಗ ಅಕ್ಕಿ ಯಾವ ಗದ್ದೆಯದು ಅಂತ ಯಾರು ಕೇಳುತ್ತಾರೆ?

ಡ್ರಮ್ಮರಿಗೆ ಹಾಡಿ ತೋರಿಸಿದೆ. ಅವನು ಕಣ್ಣರಳಿಸಿ ಕೇಳಿದ. "ಸೂಪರ್ ಅಕ್ಕ. ಕುಣಿಗಲ್ ಬ್ಯಾಂಡ್‌ನೋರ ಒಂದು ಹಾಡ್ ಥರಾನೇ ಹೋಗ್ತದೆ," ಅಂದ. ನಾನು ಆ ಹಾಡು ಕೇಳಿರಲಿಲ್ಲ. ರಾಕ್ ಹಾಡುಗಳು ಒಂದರ ಥರ ಇನ್ನೊಂದು ಹೋಗದೆ ಇನ್ನೇನು, ಗಿಟಾರಿನಲ್ಲಿ ಒತ್ತುವುದೇ ನಾಲ್ಕು ಕಾರ್ಡ್ಸು, ಎಲ್ಲರೂ ಅದರಲ್ಲೇ ಸುತ್ತಬೇಕು ಎಂದು ಸುಮ್ಮನಾದೆ. ಫೋನಿನಲ್ಲಿ ರೆಕಾರ್ಡ್ ಮಾಡಿದೆವು. ಯೂಟ್ಯೂಬಿಗೆ ಹಾಕುವ ಕೆಲಸ ಅವನದು. ಹಾಕಿದ. ಹಾಡಿನ ಕೆಳಗೆ ನಮ್ಮಿಬ್ಬರ ಹೆಸರು ಬರೆದು, ಅದರ ಕೆಳಗೆ ಒಂದು ಸಾಲು ಸೇರಿಸಿದ. ಮಟ್ಟು: ಇಂಥ ಹಾಡು ಎಂದು, ಕುಣಿಗಲ್ಲಿನವನ ಹಾಡಿನ ಹೆಸರು.

ಇದನ್ನು ಹೊರಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಡ್ರಮ್ಮರ್‌ನ ತಂದೆ ಅವರೂರಿನ ಭಜನೆ ತಂಡದ ಮುಂದಾಳು. ಅವರಲ್ಲಿ ಯಾರಾದರೂ ಹೊಸ ಪದ ಕಟ್ಟಿದರೆ ಅದರ ನೆತ್ತಿಯ ಮೇಲೆ ಇಂಥ ಹಾಡಿನ ಮಟ್ಟು ಎಂದು ಬರೆಯುವುದು ರೂಢಿ. ಮಟ್ಟು ಎಂದರೆ ಧಾಟಿ. ಎಲ್ಲರಿಗೂ ಗೊತ್ತಿರುವ ಒಂದು ಹಾಡಿನ ಹೆಸರು ಹಾಕಿದರೆ ಸಾಕು, ಓದುವವರು ಹಾಗೇ ಎತ್ತಿಕೊಂಡು ಹಾಡುತ್ತಾರೆ. ಅದು ತಪ್ಪೊಪ್ಪಿಗೆಯಲ್ಲ, ದಾರಿ ತೋರಿಸುವ ಬೋರ್ಡು. ಅದನ್ನು ಹಾಕದಿದ್ದರೆ ಅವರಲ್ಲಿ ಮರ್ಯಾದೆಗೇಡು. ಹುಟ್ಟಿದಾಗಿನಿಂದ ಅದನ್ನೇ ನೋಡಿದವನು, ರಾಕ್ ಹಾಡಿಗೂ ಅದನ್ನೇ ಹಾಕಿದ. ಗುಬ್ಬಿಯವನಲ್ಲದೆ ಇನ್ಯಾರು ಹಾಕಿಯಾರು?

ಕುಣಿಗಲ್ಲಿನವನಿಗೆ ಹಬ್ಬವಾಯಿತು. ಒಂದು ವಿಡಿಯೋ ಮಾಡಿದ. ಎಡಗಡೆ ಅವನ ಹಾಡು, ಬಲಗಡೆ ನನ್ನದು, ನಡುವೆ ಕೆಂಪು ಬಾಣಗಳು. ಕೊನೆಗೆ ಡ್ರಮ್ಮರ್ ಬರೆದ ಸಾಲಿಗೆ ಸುತ್ತು ಹಾಕಿ, ದಪ್ಪ ಅಕ್ಷರದಲ್ಲಿ "ಅವರೇ ಒಪ್ಪಿಕೊಂಡಿದ್ದಾರೆ!" ಆಗ ನಾನು ಅವನ ಹಾಡನ್ನು ಮೊದಲ ಸಲ ಕೇಳಿದೆ. ಅಯ್ಯೋ ದೇವರೇ. ತಾನು ಬೆಂಕಿ, ತಾನು ಬಿರುಗಾಳಿ, ತನ್ನನ್ನು ಯಾರೂ ತಡೆಯಲಾರರು ಎಂದು ಅರಚುತ್ತಿದ್ದಾನೆ. ಯಾರು ತಡೆದಿದ್ದರೋ ಪಾಪ. ಬಾಯಲ್ಲಿ ಬಿಸಿ ಬೋಂಡಾ ಇಟ್ಟುಕೊಂಡವನ ಹಾಗೆ ಕನ್ನಡ. ಆದರೆ ಸುಳ್ಳು ಹೇಳುವುದಿಲ್ಲ, ಹೋಲಿಕೆ ಇತ್ತು. ಪಲ್ಲವಿ ಏರುವ ಕಡೆ ಏರುತ್ತಿತ್ತು, ಇಳಿಯುವ ಕಡೆ ಇಳಿಯುತ್ತಿತ್ತು.

ಆಮೇಲೆ ಶುರುವಾಯಿತು ಪಂಡಿತರ ಸಂತೆ. ನಿನ್ನೆಯವರೆಗೆ ಗಿಟಾರಿಗೆ ಎಷ್ಟು ತಂತಿ ಎಂದು ಗೊತ್ತಿಲ್ಲದವರೆಲ್ಲ ಸ್ವರಶಾಸ್ತ್ರ ಬರೆಯತೊಡಗಿದರು. ಒಬ್ಬ ಅಡ್ವೊಕೇಟು ಕಾಪಿರೈಟ್ ಕಾನೂನು ವಿವರಿಸಿದ, ಅವನ ಪ್ರೊಫೈಲಿನಲ್ಲಿದ್ದದ್ದು ಯಾರೋ ಸಿನಿಮಾ ನಟನ ಫೋಟೋ. ನನಗೆ ಇದೆಲ್ಲ ಕಾಲ ಕಸ. ಆದರೆ ನಮ್ಮ ಡ್ರಮ್ಮರಿಗೆ ಹಾಗಾಗಲಿಲ್ಲ. ಫ್ಯಾಕ್ಟರಿಯಲ್ಲಿ ಅವನು ಒಳಗೆ ಬಂದರೆ, "ಏನ್ರಲಾ, ನಟ್ಟು ಬೋಲ್ಟು ಎಣಿಸಿಟ್ಕೊಳ್ರೋ, ಹಾಡ್ ಕಳ್ಳ ಬಂದವ್ನೆ," ಎಂದು ಕೂಗುತ್ತಿದ್ದರಂತೆ. ಊರಿನಲ್ಲಿ ಭಜನೆಗೆ ಕೂತ ಅವನ ತಂದೆಯ ಕಿವಿಗೂ ಬಿತ್ತು. ಅವನು ಸ್ಟಿಕ್ಕುಗಳನ್ನು ತಂದು ನನ್ನ ಕೈಗೆ ಕೊಟ್ಟ. "ಬುಡಕ್ಕ, ನಂಗೆ ಬೇಡ ಇದು. ನನ್ ಒಂದ್ ಸಾಲಿಗೆ ನೀನೂ ಕಳ್ಳಿ ಆದೆ," ಅಂದ. ಅವನ ಕಣ್ಣಲ್ಲಿ ನೀರಿತ್ತು.

ಇದರ ನಡುವೆ ರಾಜ್ಯೋತ್ಸವ ಬಂತು. ನಮ್ಮ ಏರಿಯಾದ ಕನ್ನಡ ಸಂಘದವರು ಸಂಜೆ ಕಾರ್ಯಕ್ರಮಕ್ಕೆ ನಮ್ಮನ್ನೂ ಕರೆದಿದ್ದರು, ಕುಣಿಗಲ್ಲಿನವರನ್ನೂ ಕರೆದಿದ್ದರು. ಸಂಘದ ಕಾರ್ಯದರ್ಶಿ ಕ್ಲಿನಿಕ್ಕಿಗೇ ಬಂದರು. ಹೆಗಲ ಮೇಲೆ ಕೆಂಪು ಹಳದಿ ಶಾಲು, ಅಕ್ಟೋಬರಿನಲ್ಲಿ ಹಾಕಿದರೆ ಡಿಸೆಂಬರಿನವರೆಗೆ ತೆಗೆಯದ ಶಾಲು. "ಒಂದು ಸಣ್ಣ ವಿಡಿಯೋ ಮಾಡಿ ಸಾರಿ ಕೇಳ್ಬಿಡಿ ಮೇಡಂ. ಅವ್ರು ಸುಮ್ನಾಗ್ತಾರೆ. ಇಲ್ಲಾಂದ್ರೆ ಆ ಹಾಡ್ ಬಿಟ್ಟು ಬೇರೆ ಯಾವ್ದಾದ್ರೂ ಹಾಡಿ." ಬೇರೆ ಯಾವುದಾದರೂ ಅಂತೆ! ನಾನು ಆ ಸ್ಟೇಜು ಹತ್ತಬೇಕು ಅಂದುಕೊಂಡಿದ್ದೇ ಆ ಹಾಡಿಗಾಗಿ. ಬೆಂಚಿನ ಮೇಲೆ ಕೂತು ಹೋದ ಎಷ್ಟೋ ಜನ ನಮ್ಮ ಏರಿಯಾದ ಬೀದಿಗಳವರೇ, ಅವರ ಮುಂದೆ ಅದನ್ನು ಹಾಡಬೇಕಿತ್ತು. ಅದಿಲ್ಲದೆ ಹತ್ತುವುದಿಲ್ಲ, ಕದ್ದೆ ಎಂದು ಹೇಳಿ ಹತ್ತುವುದೂ ಇಲ್ಲ ಎಂದೆ. ಕಾರ್ಯದರ್ಶಿ ಶಾಲು ಸರಿ ಮಾಡಿಕೊಂಡು ಹೊರಟುಹೋದರು.

ಆದರೆ ಡ್ರಮ್ಮರ್ ಕುಣಿಗಲ್ಲಿನವನಿಗೆ ಫೋನ್ ಮಾಡಿ, ತಪ್ಪು ತನ್ನದು, ತಾನೇ ಬಂದು ಕ್ಷಮೆ ಕೇಳುತ್ತೇನೆ ಎಂದುಬಿಟ್ಟಿದ್ದ. ನಾನು ಹಾಡಲಿ ಎಂದು ಅವನು ತನ್ನ ತಲೆಯ ಮೇಲೆ ಹಾಕಿಕೊಳ್ಳಲು ಹೊರಟಿದ್ದ. ಒಬ್ಬನನ್ನೇ ಕಳಿಸಲು ನನಗೆ ಮನಸ್ಸಾಗಲಿಲ್ಲ. ಬಸ್ ಸ್ಟ್ಯಾಂಡಿಗೆ ಹೋದರೆ ಅವನ ಜೊತೆ ಅವನ ತಂದೆಯೂ ನಿಂತಿದ್ದರು, ಬಿಳಿ ಪಂಚೆ, ಹಣೆಗೆ ವಿಭೂತಿ. "ಮಟ್ಟು ಹಾಕೋದ್ ಕಲಿಸ್ದೋನು ನಾನು ಕಣವ್ವ. ಬೈಯೋದಾದ್ರೆ ನನ್ನ ಬೈಲಿ," ಅಂದರು.

ಕುಣಿಗಲ್ಲಿನಲ್ಲಿ ಅವನ ಮನೆಯ ಹಾಲಿನಲ್ಲಿ ಎಲ್ಲ ತಯಾರಾಗಿತ್ತು. ಉಂಗುರದಂಥ ಲೈಟು, ಸ್ಟ್ಯಾಂಡಿನ ಮೇಲೆ ಫೋನು, ಅಪರಾಧಿಗಳಿಗೆ ಒಂದು ಸೋಫಾ. ಅವನು ನಮಗೆ ಮಾತು ಕಲಿಸಲು ಕೂತ. "ನೋಡಿ ಮೇಡಂ, ಕದ್ದಿದ್ದೀವಿ ಅನ್ನೋ ಪದ ಬರ್ಬೇಕು. ಹೋಲಿಕೆ ಇದೆ ಅಂತೆಲ್ಲ ಅಂದ್ರೆ ಆಗಲ್ಲ. ನಂದು ಒರಿಜಿನಲ್ ಕಂಪೋಸಿಷನ್ನು." ಒರಿಜಿನಲ್ ಅನ್ನುವಾಗ ಎದೆಯ ಮೇಲಿನ ತಲೆಬುರುಡೆಯನ್ನು ತಟ್ಟಿಕೊಂಡ.

ಅಷ್ಟಕ್ಕೇ ಬಿಟ್ಟಿದ್ದರೆ ಡ್ರಮ್ಮರ್ ಹೇಳಬೇಕಾದ್ದನ್ನು ಹೇಳಿ ಎದ್ದುಬಿಡುತ್ತಿದ್ದ. ಆದರೆ ಇವನಿಗೆ ತೃಪ್ತಿಯಾಗಬೇಕಲ್ಲ! ನೋಡುವವರಿಗೆ ಪ್ರೂಫ್ ಇರಲಿ ಎಂದು ಫೋನಿನ ರೆಕಾರ್ಡಿಂಗ್ ಆನ್ ಮಾಡಿ, ಸಾದಾ ಮರದ ಗಿಟಾರ್ ತೊಡೆಯ ಮೇಲಿಟ್ಟುಕೊಂಡು ತನ್ನ ಪಲ್ಲವಿಯನ್ನು ಒಂದೊಂದೇ ಸ್ವರ ಬಿಡಿಸಿ ನುಡಿಸತೊಡಗಿದ. ಕರೆಂಟಿನ ಗಿಟಾರಿನ ಗದ್ದಲವಿಲ್ಲ, ಡ್ರಮ್ಸ್ ಇಲ್ಲ, ಬೆಂಕಿ ಬಿರುಗಾಳಿಯೂ ಇಲ್ಲ. ಬರೀ ಧಾಟಿ. ನನ್ನ ಪಕ್ಕದಲ್ಲಿ ಕೂತಿದ್ದ ಡ್ರಮ್ಮರ್‌ನ ತಂದೆಯ ಕೈ ಮೊಣಕಾಲಿನ ಮೇಲೆ ತಾಳ ಹಾಕಲು ಶುರು ಮಾಡಿತು.

"ತಡಿ ತಡಿ," ಅಂದರು ಅವರು. "ಇನ್ನೊಂದ್ಸಲ ನುಡ್ಸಪ್ಪ."

ಅವನು ಹೆಮ್ಮೆಯಿಂದ ಇನ್ನೊಮ್ಮೆ ನುಡಿಸಿದ. ಮೊದಲ ಸಾಲು ಮುಗಿಯಿತು. ಎರಡನೆಯ ಸಾಲು ಅಡುಗೆಮನೆಯಿಂದ ಬಂತು. ಹೆಂಗಸಿನ ದನಿ, ಶಿವನನ್ನು ಬಾಗಿಲಿಗೆ ಕರೆಯುವ ಪದ, ಅದೇ ಏರು, ಅದೇ ಇಳಿತ. ದನಿಯ ಹಿಂದೆಯೇ ಕಾಫಿ ತಟ್ಟೆ ಹಿಡಿದು ಅವನ ತಾಯಿ ಹಾಡುತ್ತಲೇ ಹೊರಗೆ ಬಂದರು.

"ಇಷ್ಟು ಚೆನ್ನಾಗಿ ಬರ್ತದಲ್ಲೋ ನಿಂಗೆ!" ಅಂದರು ಮಗನಿಗೆ. "ದಿನಾ ಕರೆಂಟಿಗೆ ಹಾಕ್ಕೊಂಡು ಗರ್ ಅನ್ಸ್ತಿದ್ದೆ, ಗೊತ್ತೇ ಆಗ್ತಿರ್ಲಿಲ್ಲ. ನಾನು ಸೋಮವಾರ ಸೋಮವಾರ ಹಾಡೋದಲ್ವೇನೋ ಇದು?"

"ಅಮ್ಮಾ, ನೀನ್ ಒಳಗ್ಹೋಗು."

"ಯಾಕ್ ಹೋಗ್ಲಿ? ಕಾಫಿ ಆರೋಗ್ತದೆ."

ಡ್ರಮ್ಮರ್‌ನ ತಂದೆಗೆ ಯಾರು ಕಳ್ಳರು, ಯಾರು ಒಡೆಯರು ಎಂಬುದೆಲ್ಲ ಮರೆತೇ ಹೋಗಿತ್ತು. "ನಮ್ಮೂರಲ್ಲೂ ಇದೆ ಕಣ್ ತಾಯಿ ಈ ಪದ. ಕೂತ್ಕೊಳ್ಳಿ. ಮೂರನೇ ಸಾಲು ನಿಮ್ಮಲ್ಲಿ ಹೆಂಗೆ?" ಅಂದರು. ಆಕೆ ಕೂತರು. ಇಬ್ಬರೂ ಹಾಡಿದರು. ನನ್ನ ಹಾಡಿನ ಬೆನ್ನೆಲುಬು, ಅವನ ಹಾಡಿನ ಬೆನ್ನೆಲುಬು, ಎರಡೂ ಆ ಪದವೇ. ಕಾರ್ತಿಕದಲ್ಲಿ ನಮ್ಮ ಬೀದಿಯಲ್ಲಿ ಹಾದುಹೋದ ಯಾವ ಭಜನೆಯಿಂದ ಅದು ನನ್ನ ತಲೆಯೊಳಗೆ ಬಂದು ಕೂತಿತ್ತೋ ಶಿವನೇ ಬಲ್ಲ. ಅವನಿಗಂತೂ ಆ ಅನುಮಾನಕ್ಕೂ ಜಾಗವಿರಲಿಲ್ಲ. ಅವನದು ಅಡುಗೆಮನೆಯಿಂದಲೇ ಬಂದದ್ದು.

ಫೋನ್ ಇನ್ನೂ ಆನ್ ಇರುವುದು ಅವನಿಗೆ ಆಗ ನೆನಪಾಯಿತು. ಹಾರಿ ಆಫ್ ಮಾಡಿದ. "ಮೇಡಂ, ಇನ್‌ಸ್ಪಿರೇಷನ್ ಬೇರೆ, ಕಾಪಿ ಬೇರೆ," ಅಂದ. ತಾಯಿ ಎದುರಿಗೆ ಕೂತಿರುವಾಗಲೇ ಅಂದ! ಅವನಿಗೆ ಬಂದರೆ ಇನ್‌ಸ್ಪಿರೇಷನ್, ನನಗೆ ಬಂದರೆ ಕಳ್ಳತನ. ಥೂ. ನಾನು ಕಾಫಿ ಕುಡಿದು, ಕಾಫಿ ತುಂಬಾ ಚೆನ್ನಾಗಿದೆ ಅಮ್ಮ ಎಂದು ಹೇಳಿ ಎದ್ದೆ. ಡ್ರಮ್ಮರ್ ಕ್ಷಮೆ ಕೇಳಲಿಲ್ಲ. ಯಾರೂ ಅವನಿಂದ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ.

ಕೆಂಪು ಬಾಣಗಳ ವಿಡಿಯೋ ಸದ್ದಿಲ್ಲದೆ ಮಾಯವಾಯಿತು. ತಪ್ಪಾಯಿತು ಎಂಬ ಒಂದು ಮಾತು ಬರಲಿಲ್ಲ, ನಾನು ಕಾದೂ ಇರಲಿಲ್ಲ. "ಎಲ್ಲಾ ಸರಿ ಹೋಯ್ತಂತಲ್ಲ ಮೇಡಂ, ನಾನ್ ಆವತ್ತೇ ಹೇಳಿರ್ಲಿಲ್ವಾ?" ಎಂದು ಶಾಲಿನ ಕಾರ್ಯದರ್ಶಿ ಮತ್ತೆ ಬಂದರು. ಏನು ಹೇಳಿದ್ದರು ಎಂದು ಕೇಳುವ ತಾಳ್ಮೆ ನನಗಿರಲಿಲ್ಲ. ಡ್ರಮ್ಮರ್‌ಗೆ ಸ್ಟಿಕ್ಕುಗಳನ್ನು ವಾಪಸ್ ಕೊಟ್ಟೆ.

ಕಾರ್ಯಕ್ರಮದ ಸಂಜೆ ಶಾಲೆಯ ಮೈದಾನ ತುಂಬಿತ್ತು. ಕುಣಿಗಲ್ಲಿನವರು ನಮಗಿಂತ ಮೊದಲು ಹಾಡಿದರು. ಅವನು ಮೈಕಿನಲ್ಲಿ ನಮ್ಮ ಓನ್ ಕಂಪೋಸಿಷನ್ ಎಂದೇ ಹೇಳಿದ. ಬೆವರಲಿಲ್ಲ, ತಡವರಿಸಲಿಲ್ಲ. ಮುಂದಿನ ಸಾಲಿನಲ್ಲಿ ರೇಷ್ಮೆ ಸೀರೆಯುಟ್ಟು ಕೂತಿದ್ದ ಅವನ ತಾಯಿ ಎಲ್ಲರ ಜೊತೆ ಚಪ್ಪಾಳೆ ತಟ್ಟಿದರು. ಅದನ್ನು ನೋಡಿ ನನ್ನ ಮೈ ಉರಿಯಿತು.

ನನ್ನ ಸರದಿ ಬಂದಾಗ ನಾನು ಗಿಟಾರ್ ಹೆಗಲಿಗೆ ಹಾಕಿಕೊಂಡು ಮೈಕಿನ ಮುಂದೆ ನಿಂತೆ. "ಈ ಹಾಡಿನ ಮಾತು ನನ್ನದು," ಎಂದೆ. "ಮಟ್ಟು ನನ್ನದಲ್ಲ. ಅದು ಕುಣಿಗಲ್ಲಿನ ಒಬ್ಬ ತಾಯಿಯದು. ಇಲ್ಲೇ ಮುಂದೆ ಕೂತಿದ್ದಾರೆ." ಗೌರವಕ್ಕೆ ಹೇಳಿದೆ ಎಂದು ಜನ ಅಂದುಕೊಂಡಿರಬೇಕು. ಅವನ ಮುಖಕ್ಕೆ ಹೊಡೆಯಲೆಂದೇ ಹೇಳಿದ್ದು, ಅವನಿಗೆ ತಗುಲಿತು ಕೂಡ. ಸ್ಟೇಜಿನ ಪಕ್ಕದಲ್ಲಿ ವೈರು ಸುತ್ತುತ್ತಿದ್ದವನು ಹಾಗೇ ನಿಂತುಬಿಟ್ಟ. ಹಿಂದೆ ಡ್ರಮ್ಮರ್ ಏಟು ಹಾಕಿದ, ನಾನು ಹಾಡಿದೆ. ಹಾಡು ಮುಗಿದಾಗ ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದುದು ಕಂಡಿತು. ಯಾವಾಗಲೋ ಆ ಬೆಂಚಿನ ಮೇಲೆ ಕೂತಿದ್ದವರೇ ಇರಬೇಕು.

ಸ್ಟೇಜಿನ ಹಿಂದೆ ನೀರು ಕುಡಿಯುತ್ತಿದ್ದೆ. ಅವನ ತಾಯಿ ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು, ವೈರುಗಳನ್ನು ದಾಟುತ್ತಾ ನನ್ನನ್ನೇ ಹುಡುಕಿಕೊಂಡು ಬಂದರು. ಮಗನಿಗೆ ಅವಮಾನ ಮಾಡಿದೆ ಎಂದು ಬೈಯಲು ಬಂದಿದ್ದಾರೆ ಅಂದುಕೊಂಡೆ. ಬೈದರೆ ಉತ್ತರ ಕೊಡಲು ಸಿದ್ಧವಾಗಿಯೂ ನಿಂತೆ.

"ನೋಡು ಕಣಮ್ಮ," ಅಂದರು. "ಮಟ್ಟು ಹೇಳೋದಾದ್ರೆ ಸರಿಯಾಗಿ ಹೇಳ್ಬೇಕು. ನಂದು ಅಂದ್ಯಲ್ಲ, ಅದು ನಂದಲ್ಲ. ನಾನು ಗುಬ್ಬಿ ಕಡೆಯೋಳು, ಕುಣಿಗಲ್‌ಗೆ ಕೊಟ್ಟಿದ್ದು. ನಮ್ಮವ್ವ ಹೇಳ್ತಿದ್ಲು ಅದನ್ನ. ಅವ್ಳಿಗೆ ಯಾರು ಕಲಿಸಿದ್ರೋ, ನಾನ್ ಕೇಳ್ಲಿಲ್ಲ. ಇನ್ನೊಂದ್ಸಲ ನಂದು ಅನ್ಬೇಡ, ಸುಳ್ಳಾಗ್ತದೆ."

ತಿಂಗಳುಗಟ್ಟಲೆ ಎಲ್ಲರೂ ನಂದು ನಂದು ಎಂದು ಕಿತ್ತಾಡಿದ್ದೆವು, ನನ್ನನ್ನೂ ಸೇರಿಸಿ. ನಂದಲ್ಲ ಎಂದು ಹೇಳಲು ಇಷ್ಟು ವೈರು ದಾಟಿ ಬಂದವರು ಇವರೊಬ್ಬರೇ. ಆಯಿತಮ್ಮ ಎಂದೆ. ಅಷ್ಟರಲ್ಲಿ ಮೈದಾನದ ಆಚೆ ಅವರ ಮಗ ಬೈಕಿನ ಹಾರನ್ ಒತ್ತತೊಡಗಿದ. ಬಂದೆ ಇರೋ ಎಂದು ಕೂಗಿಕೊಂಡು ಅವರು ಹೋದರು.

ಬೈಕು ನನ್ನ ಮುಂದೆಯೇ ಹಾದು ರಸ್ತೆಗೆ ಇಳಿಯಿತು. ಹಿಂದೆ ಒಂದು ಪಕ್ಕಕ್ಕೆ ಕೂತಿದ್ದ ಆ ತಾಯಿ ಅದೇ ಪದ ಗುನುಗುತ್ತಿದ್ದರು, ನನಗೆ ಸ್ಪಷ್ಟವಾಗಿ ಕೇಳಿಸಿತು. ಅವನು ಕಿವಿ ಮುಚ್ಚುವ ಹೆಲ್ಮೆಟ್ ಹಾಕಿಕೊಂಡಿದ್ದ.